ಕರಿಯವ್ವನ ಹಿತ್ತಲಿನ ಇಪ್ಪತ್ತೊಂದು ಸಸಿಗಳು

ಗುಡ್ಡದ ಬುಡದ ಒಂದು ಕಾಡಿನಲ್ಲಿ ಕರಿಯವ್ವ ಎಂಬ ಕರಡಿ ಇದ್ದಳು. ಅವಳಿಗೆ ಎರಡು ಮರಿಗಳು. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಮರಿಗಳಿಗೆ ಎಳನೀರಾದರೂ ಸಿಗಲಿ ಎಂದು ಅವಳು ಗವಿಯ ಹಿಂದೆ ಒಂಬತ್ತು ತೆಂಗಿನಕಾಯಿ ಹೂಳಿದ್ದಳು. ಒಂದೊಂದರ ಪಕ್ಕದಲ್ಲೂ ಗುರುತಿಗೆ ಕಲ್ಲು ಇಟ್ಟಿದ್ದಳು. ಮರಿಗಳು ಆಟವಾಡುತ್ತಾ ಆ ಕಲ್ಲುಗಳನ್ನೆಲ್ಲ ಉರುಳಿಸಿಬಿಟ್ಟವು.

ಮೂರು ವರ್ಷ ಕಳೆಯಿತು. ಹಕ್ಕಿಗಳು ತಿಂದು ಉದುರಿಸಿದ ಈಚಲ ಬೀಜಗಳೂ ಅಲ್ಲೇ ಮೊಳೆತು ಬೆಳೆದಿದ್ದವು. ಎಣಿಸಿದರೆ ಇಪ್ಪತ್ತೊಂದು ಸಸಿಗಳು. ಎಲ್ಲಕ್ಕೂ ಗರಿಗಳೇ. ಯಾವುದು ತೆಂಗು, ಯಾವುದು ಈಚಲು ಎಂದು ಕರಿಯವ್ವನಿಗೆ ತಿಳಿಯಲಿಲ್ಲ.

ಆ ವರ್ಷ ಒರತೆಯ ನೀರು ಕಡಿಮೆಯಾಯಿತು. ದಿನಕ್ಕೆ ಒಂಬತ್ತು ಹತ್ತು ಸಸಿಗಳಿಗೆ ಸಾಲುವಷ್ಟೇ ಸಿಗುತ್ತಿತ್ತು. ಬೇಡದ್ದನ್ನು ಕೀಳದಿದ್ದರೆ ತೆಂಗು ಒಣಗುತ್ತದೆ. ತಪ್ಪಿ ತೆಂಗನ್ನೇ ಕಿತ್ತರೆ ಮೂರು ವರ್ಷದ ದುಡಿಮೆ ಮಣ್ಣುಪಾಲು. ಅವಳಿಗೆ ಊಟ ರುಚಿಸಲಿಲ್ಲ.

ಈ ಸುದ್ದಿ ಕೆಂಚ ಎಂಬ ನರಿಯ ಕಿವಿಗೆ ಬಿತ್ತು. ಅವನು ಓಡೋಡಿ ಬಂದ.

"ಅಕ್ಕಾ, ನಾನು ಎಷ್ಟೋ ತೋಟ ಕಂಡವನು. ಇಲ್ಲಿ ನೋಡು, ಸೊಂಪಾಗಿ ನಿಂತಿವೆಯಲ್ಲ, ಈ ಹನ್ನೆರಡೂ ಈಚಲು. ಬಾಡಿ ಜೋತುಬಿದ್ದಿರುವ ಒಂಬತ್ತು ನಿನ್ನ ತೆಂಗು. ಈಚಲನ್ನೆಲ್ಲ ನಾನೇ ಕಿತ್ತು ಹೊತ್ತುಕೊಂಡು ಹೋಗ್ತೀನಿ. ನಿನಗ್ಯಾಕೆ ಕಷ್ಟ?"

ನಿಜ ಹೇಳಬೇಕೆಂದರೆ ಕೆಂಚನಿಗೆ ತೆಂಗೂ ಗೊತ್ತಿರಲಿಲ್ಲ, ಈಚಲೂ ಗೊತ್ತಿರಲಿಲ್ಲ. ಚೆನ್ನಾಗಿ ಬೆಳೆದದ್ದೇ ತೆಂಗು ಎಂದು ಅವನು ಅಂದುಕೊಂಡಿದ್ದ. ಅದನ್ನು ಕಳೆ ಎಂದು ನಂಬಿಸಿ ಒಯ್ದರೆ, ಒಂದು ಹನಿ ನೀರು ಹೊರದೆ ತೆಂಗಿನ ತೋಟ ತನ್ನದಾಗುತ್ತದೆ ಎಂದು ಹೊಂಚು ಹಾಕಿದ್ದ.

ಕರಿಯವ್ವಳೂ ಆ ಸೊಂಪಾದ ಸಸಿಗಳನ್ನೇ ತೆಂಗು ಎಂದುಕೊಂಡಿದ್ದಳು.

"ತಡಿ ಕೆಂಚಣ್ಣ, ನೂಲಪ್ಪನನ್ನು ಒಂದು ಮಾತು ಕೇಳೋಣ" ಎಂದಳು.

ನೂಲಪ್ಪ ಹಳ್ಳದ ದಂಡೆಯಲ್ಲಿ ಗೂಡು ನೇಯುತ್ತಿದ್ದ ಗೀಜಗ. ರೆಕ್ಕೆ ಬಲಿತಾಗಿನಿಂದ ಗರಿ ಸೀಳಿ ನಾರು ಎಳೆಯುವುದೇ ಅವನ ಕೆಲಸ. ಕರಿಯವ್ವ ಕೂಗಿದ ಕೂಡಲೇ ಹಾರಿ ಬಂದ.

"ಇಷ್ಟುದ್ದ ಇರುವ ಹಕ್ಕಿಗೆ ತೋಟದ ವಿಷಯ ಏನು ಗೊತ್ತು?" ಎಂದು ಕೆಂಚ ಮೂಗು ಮುರಿದ.

ನೂಲಪ್ಪ ಒಂದು ಸೊಂಪಾದ ಸಸಿಯ ಮೇಲೆ ಕುಳಿತು, "ಕರಿಯಕ್ಕ, ಈ ಗರಿಯ ಮೇಲೆ ಸ್ವಲ್ಪ ನೀರು ಹಾಕು" ಎಂದ.

ಅವಳು ಹಾಕಿದಳು. ಗರಿಯ ಒಂದೊಂದು ಎಲೆಯೂ ಪುಟ್ಟ ದೋಣಿಯಂತೆ ಮೇಲಕ್ಕೆ ಮಡಿಚಿಕೊಂಡಿತ್ತು. ನೀರು ಆ ಮಡಿಕೆಯೊಳಗೆ ಇಳಿದು ಬುಡದ ಕಡೆಗೆ ಹರಿಯಿತು.

"ಈಗ ಆ ಬಾಡಿದ್ದಕ್ಕೆ ಹಾಕು."

ಅದರ ಎಲೆ ಮನೆಯ ಸೂರಿನಂತೆ ಕೆಳಕ್ಕೆ ಮಡಿಚಿಕೊಂಡಿತ್ತು. ನೀರು ಎರಡೂ ಕಡೆ ಜಾರಿ ನೆಲಕ್ಕೆ ಬಿತ್ತು.

"ಮೇಲಕ್ಕೆ ಮಡಿಚಿದ್ದು ಈಚಲು, ಕೆಳಕ್ಕೆ ಮಡಿಚಿದ್ದು ತೆಂಗು" ಎಂದ ನೂಲಪ್ಪ. "ಗರಿಯ ಬುಡ ಮುಟ್ಟಿ ನೋಡು. ಈಚಲಿಗೆ ಅಲ್ಲಿ ಮುಳ್ಳಿರುತ್ತೆ, ತೆಂಗಿಗೆ ಇರಲ್ಲ. ಈಚಲು ಬರಗಾಲಕ್ಕೂ ಜಗ್ಗಲ್ಲ, ಅದಕ್ಕೇ ಹಸಿರಾಗಿದೆ. ಪಾಪ, ನಿನ್ನ ತೆಂಗಿಗೆ ಬಾಯಾರಿಕೆಯಾಗಿದೆ."

ಕರಿಯವ್ವ ಬೆರಗಾಗಿ ನಿಂತಳು. ಮೂರು ವರ್ಷ ದಿನವೂ ನೋಡಿದ ಎಲೆ. ಅದರಲ್ಲಿ ಇಷ್ಟೆಲ್ಲ ಇದೆ ಎಂದು ಅವಳ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ನೂಲಪ್ಪ ಅಷ್ಟಕ್ಕೇ ಬಿಡಲಿಲ್ಲ. ಇಪ್ಪತ್ತೊಂದು ಸಸಿಗಳ ಬಳಿಗೂ ಹೋಗಿ, ಒಂದೊಂದನ್ನೂ ಕೊಕ್ಕಿನಿಂದ ತಡವಿ ನೋಡಿದ. ಕೊನೆಯ ನಾಲ್ಕು ತೆಂಗೋ ಈಚಲೋ ಎಂದು ಅವಳಿಂದಲೇ ಹೇಳಿಸಿದ. ನಾಲ್ಕೂ ಸರಿಯಾಗಿದ್ದವು.

"ಕೆಂಚಣ್ಣ ಹೇಳಿದ್ದೇ ಸರಿ. ಈ ಹನ್ನೆರಡೂ ಈಚಲೇ" ಎಂದ ನೂಲಪ್ಪ.

ಕೆಂಚ ಇಷ್ಟು ಹೊತ್ತೂ ಬೆನ್ನು ತಿರುಗಿಸಿ, ತನ್ನ ಗುಡ್ಡದಲ್ಲಿ ಸಸಿಗಳನ್ನು ಎಲ್ಲಿ ನೆಡಲಿ ಎಂದು ಯೋಚಿಸುತ್ತಿದ್ದ. ಕೊನೆಯ ಮಾತು ಕಿವಿಗೆ ಬಿದ್ದಾಗ, 'ಈ ಹಕ್ಕಿಯೂ ನನ್ನ ಮಾತಿಗೆ ಮರುಳಾಯಿತು' ಎಂದು ಒಳಗೊಳಗೇ ನಕ್ಕ.

ಎರಡು ದಿನ ಅವನು ನೆಲ ಬಗೆದ. ಬೇರು ಸಮೇತ ಸಸಿ ಕಿತ್ತು, ಬಾಯಲ್ಲಿ ಕಚ್ಚಿಕೊಂಡು ಹನ್ನೆರಡು ಸಲ ಗುಡ್ಡ ಹತ್ತಿದ. ಮುಳ್ಳು ಚುಚ್ಚಿ ತುಟಿ ಹರಿಯಿತು. ತೆಂಗಿಗೆ ಮುಳ್ಳಿಲ್ಲ ಎಂಬುದೂ ಅವನಿಗೆ ತಿಳಿದಿರಲಿಲ್ಲ. ನೋವು ನುಂಗಿಕೊಂಡು, "ಇನ್ನು ನಾಲ್ಕು ವರ್ಷಕ್ಕೆ ನನ್ನ ತೋಟದ ಎಳನೀರು ಕುಡಿಯಲು ಬನ್ನಿ" ಎಂದು ಕಾಡಿಗೆಲ್ಲ ಹೇಳಿಕೊಂಡು ಬಂದ.

ಇತ್ತ ಕರಿಯವ್ವನ ಒಂಬತ್ತು ತೆಂಗಿಗೆ ಹೊಟ್ಟೆ ತುಂಬ ನೀರು ಸಿಕ್ಕಿತು. ಜೋತುಬಿದ್ದ ಗರಿಗಳು ತಲೆ ಎತ್ತಿದವು.

ನಾಲ್ಕು ವರ್ಷದ ಮೇಲೆ ಮಂಗಗಳೂ ಜಿಂಕೆಗಳೂ ಕೆಂಚನ ಗುಡ್ಡಕ್ಕೆ ಬಂದವು. ಅಲ್ಲಿ ಮುಳ್ಳು ಮುಳ್ಳಿನ ಈಚಲ ಪೊದೆಗಳು, ಬೀಜವೇ ಹೆಚ್ಚಾದ ಪುಟ್ಟ ಹಣ್ಣುಗಳು. ಎಲ್ಲರೂ ನಗುತ್ತಾ ಕರಿಯವ್ವನ ಹಿತ್ತಲಿಗೆ ಹೋದರು. ಬೆಳೆದು ನಿಂತ ಅವಳ ಮರಿಗಳು ಮೊದಲ ಎಳನೀರು ಕುಡಿಯುತ್ತಿದ್ದವು.

ಕೆಂಚ ಕೊನೆಯವನಾಗಿ ಬಂದು ಬೇಲಿಯ ಹೊರಗೆ ನಿಂತ.

"ಕರಿಯಕ್ಕ, ಯಾವುದು ತೆಂಗು ಅಂತ ಆ ಹಕ್ಕಿಗೆ ಹೇಗೆ ಗೊತ್ತಾಯಿತು?" ಎಂದು ಸಣ್ಣ ದನಿಯಲ್ಲಿ ಕೇಳಿದ.

ಕರಿಯವ್ವ ಅವನಿಗೂ ಒಂದು ಎಳನೀರು ಕೊಟ್ಟಳು. "ಅವನು ಹೇಳಿಕೊಡುವಾಗ ನೀನೂ ಇಲ್ಲೇ ಇದ್ದೆಯಲ್ಲ ಕೆಂಚಣ್ಣ" ಎಂದಳು.

ನೀತಿ: ಮೇಲುನೋಟಕ್ಕೆ ಒಂದೇ ಎನಿಸುವುದನ್ನು ಹತ್ತಿರದಿಂದ ನೋಡಿ, ಬಲ್ಲವರನ್ನು ಕೇಳಿ ತಿಳಿಯಬೇಕು. ಇನ್ನೊಬ್ಬರಿಗೆ ಮೋಸ ಮಾಡಲು ಹೊರಟವನು ಕಣ್ಣೆದುರಿನ ಪಾಠವನ್ನೂ ಕಳೆದುಕೊಳ್ಳುತ್ತಾನೆ.