ಮುದ್ದೆಯ ಮರ್ಯಾದೆ

ಪುಟ್ಟ ಧೃತಿ ಮೊದಲ ತುತ್ತು ಮುದ್ದೆಯನ್ನು ನುಂಗದೆ ಅಗಿದಳು. ಹಲ್ಲಿಗೆಲ್ಲ ಅಂಟಿತೆಂದು ಅತ್ತು ತಟ್ಟೆ ತಳ್ಳಿದಳು.

ಡಬ್ಬಿಯಲ್ಲಿದ್ದ ರಾಗಿಹಿಟ್ಟಿಗೆ ಎದೆ ಒಡೆಯಿತು. "ಇನ್ನು ನನ್ನನ್ನು ಅಟ್ಟಕ್ಕೇರಿಸುತ್ತಾರೆ."

"ನನ್ನ ಜೊತೆ ಬಾ ಅಕ್ಕ," ಎಂದಿತು ದೋಸೆಹಿಟ್ಟು.

"ಅವಳ ಮುತ್ತಜ್ಜನನ್ನು ಸಾಕಿದವಳು ನಾನು! ನಿನ್ನ ಹಾಗೆ ಕಾವಲಿಯ ಮೇಲೆ ಮೈಚೆಲ್ಲಲೇ?"

"ಮುತ್ತಜ್ಜನಿಗೆ ನುಂಗುವುದು ಗೊತ್ತಿತ್ತು. ಇವಳಿಗೆ ಹೊಸ ಹಲ್ಲು, ಅಗಿಯುವುದೇ ಸಂಭ್ರಮ. ನಿನಗೆ ಬೇಕಾದದ್ದು ಮುದ್ದೆಯ ಮರ್ಯಾದೆಯೋ, ಮಗುವಿನ ಹೊಟ್ಟೆಯೋ?"

ರಾಗಿ ಬಿಮ್ಮನೆ ಕೂತಿತು. ಅಮ್ಮ ಡಬ್ಬಿ ತೆರೆದು ಒಂದು ಹಿಡಿ ತೆಗೆದಾಗ ಮಾತ್ರ, "ಸ್ವಲ್ಪ ಆಚೆ ಸರಿ, ಜಾಗ ಬಿಡು," ಎನ್ನುತ್ತಾ ದೋಸೆಹಿಟ್ಟಿಗೆ ಇಳಿಯಿತು.

ಬೆಳಿಗ್ಗೆ ಧೃತಿ ಕಂದು ದೋಸೆಯ ಗರಿಗರಿ ಅಂಚು ಮುರಿದು ಬಾಯಿಗಿಟ್ಟಳು. "ಅಮ್ಮಾ, ಇನ್ನೊಂದು!"

"ಅಗಿ ಕಂದಾ, ಚೆನ್ನಾಗಿ ಅಗಿ," ಎಂದಿತು ಅವಳ ಹಲ್ಲುಗಳ ನಡುವೆ ಸಿಕ್ಕ ರಾಗಿ.