ಕೆರೆಯಂಗಳದ ಮಣ್ಣು

"ಅವ್ವಾ, ಮುಂದೆ ಏನು ಓದಬೇಕು ಅಂತ ಕಂಪ್ಯೂಟರ್ ಹೇಳಿದರೆ ಅದನ್ನು ನಂಬಬಹುದೇ?"

ಸಂಜೆಯ ಪ್ರಾರ್ಥನೆ ಮುಗಿದಿತ್ತು. ಆಶ್ರಮದ ಗುರುತಾಯಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಕೇಳಿದವಳು ಆಶ್ರಮದಲ್ಲೇ ಬೆಳೆದ ಗಂಗಾಂಬಿಕೆ.

"ಉಳಿದವರಿಗೆ ಅದು ಹೇಳಿದ್ದು ಸರಿಹೋಯಿತೇ?"

"ಎಲ್ಲರಿಗೂ ಸರಿಹೋಯಿತು."

ಅದು ನಿಜ. ಆಶ್ರಮಕ್ಕೆ ಬಂದಿದ್ದ ಕಂಪ್ಯೂಟರಿನಲ್ಲೊಂದು ಜಾಲತಾಣವಿತ್ತು. ಅದು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅಂಕ ತುಂಬಿದರೆ, ಯಾವ ವಿಶ್ವವಿದ್ಯಾಲಯದಲ್ಲಿ ಯಾವ ಓದು, ಯಾವ ವರ್ಷ ಏನು ಕಲಿಯಬೇಕು, ಹಾಸ್ಟೆಲ್ ಉಂಟೋ ಇಲ್ಲವೋ, ಎಲ್ಲವನ್ನೂ ಬಿಡಿಸಿ ಹೇಳುತ್ತಿತ್ತು. ಅದು ಬರುವ ಮುಂಚೆ ಆಶ್ರಮದ ಹುಡುಗಿಯರಿಗೆ ಗೊತ್ತಿದ್ದದ್ದು ಟೀಚರ್, ನರ್ಸ್, ಇಲ್ಲವೆಂದರೆ ಮದುವೆ. ಈಗ ಒಬ್ಬಳು ರೇಷ್ಮೆ ಕೃಷಿ ಓದುತ್ತಿದ್ದಳು, ಇನ್ನೊಬ್ಬಳು ಹವಾಮಾನ. ಆಯುಧಪೂಜೆಯ ದಿನ ಹುಡುಗಿಯರು ಆ ಪೆಟ್ಟಿಗೆಗೆ ವಿಭೂತಿ ಹಚ್ಚಿದ್ದು ಬರಿಯ ಶಾಸ್ತ್ರಕ್ಕಲ್ಲ, ಮನಸ್ಸಿನಿಂದ.

ಗಂಗಾಂಬಿಕೆಗೆ ಅದು ವೈದ್ಯಕೀಯ ಎಂದಿತ್ತು. ಪ್ರವೇಶ ಪರೀಕ್ಷೆಯ ಅಂಕವೂ ಸಾಲುತ್ತಿತ್ತು. ಸೀಟಿಗೆ ಒಪ್ಪಿಗೆ ಕೊಡಲು ನಾಳೆಯೇ ಕೊನೆಯ ದಿನ. ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೆತ್ತವರಿಲ್ಲದ ಅವಳನ್ನು ಎಳೆತನದಲ್ಲೇ ಮಡಿಲಿಗೆ ಹಾಕಿಕೊಂಡು ಸಾಕಿದವರು ಗುರುತಾಯಿ. ಅದನ್ನು ನೆನೆದಾಗಲೆಲ್ಲ ಅವಳ ಎದೆ ತುಂಬಿ ಬರುತ್ತಿತ್ತು. ಆಶ್ರಮದ ಆಸ್ಪತ್ರೆಯ ಡಾಕ್ಟರು ಬಿಟ್ಟುಹೋದ ದಿನ ಗುರುತಾಯಿ, "ನಮ್ಮ ಮಕ್ಕಳಲ್ಲೇ ಒಬ್ಬರು ಡಾಕ್ಟರಾದರೆ ಎಷ್ಟು ಚೆನ್ನ" ಎಂದಿದ್ದರು. ಆ ಮಾತನ್ನು ಗಂಗಾಂಬಿಕೆ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದಳು. ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದು ಕಂಪ್ಯೂಟರ್ ಕೇಳಿದಾಗ, ರೋಗಿಗಳ ಆರೈಕೆ ಎಂದು ಒತ್ತಿದ್ದಳು. ರಕ್ತ ಕಂಡರೆ ಅವಳಿಗೆ ತಲೆ ಸುತ್ತುತ್ತದೆ. ಹೊತ್ತು ಹೋದದ್ದು ತಿಳಿಯದೆ ಅವಳು ಕೂರುವುದು ಹಿತ್ತಿಲಿನ ಹಳೆಯ ಶಾಸನದ ಕಲ್ಲಿನ ಮುಂದೆ, ಸವೆದ ಅಕ್ಷರಗಳಿಗೆ ಹಿಟ್ಟು ಸವರಿ ಒಂದೊಂದನ್ನೇ ಕೂಡಿಸಿ ಓದುತ್ತ. ಶಾಸನಶಾಸ್ತ್ರ ಎಂಬ ಓದೂ ಆ ಜಾಲತಾಣದಲ್ಲಿತ್ತು. ಅವಳು ಕಂಡೂ ಕಾಣದವಳಂತೆ ಮುಂದೆ ಹೋಗಿದ್ದಳು. ಇದೊಂದನ್ನೂ ಅವಳು ಈಗ ಹೇಳಲಿಲ್ಲ.

ಗುರುತಾಯಿ ಅವಳ ಬೆರಳ ಸಂದಿಯಲ್ಲಿ ಅಂಟಿದ್ದ ಹಿಟ್ಟನ್ನು ನೋಡಿದರು. ಮೊರ ಪಕ್ಕಕ್ಕಿಟ್ಟು, ಕೂತುಕೋ ಎಂದರು. ಕತೆ ಹೇಳಿದರು.

ಒಬ್ಬ ರೈತನಿದ್ದ. ದುಡಿಯಲು ಮೈಯಿತ್ತು, ಉಳಲು ಹೊಲವಿರಲಿಲ್ಲ. ಒಬ್ಬ ವರ್ತಕ ಅವನ ನಿಯತ್ತು ನೋಡಿ, ತನ್ನದೊಂದು ಕೆಮ್ಮಣ್ಣಿನ ಹೊಲವನ್ನು ಉತ್ತು ಉಣ್ಣು ಎಂದು ಬಿಟ್ಟುಕೊಟ್ಟ. ಉಪಕಾರ ಮರೆಯುವ ಜನ ಬಹಳ. ಈ ರೈತ ಮರೆಯಲಿಲ್ಲ. ಅವನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಒಂದು ದಿನ ವರ್ತಕ ರೈತನ ಮನೆಗೆ ಬಂದ. ಬಂದವರಿಗೆ ಬೆಲ್ಲ ನೀರು ಕೊಡುವುದು ಆ ಊರಿನ ಪದ್ಧತಿ. ವರ್ತಕ ಒಂದು ಚೂರು ಬಾಯಿಗೆ ಹಾಕಿಕೊಂಡು, ಬೆಲ್ಲ ಚೆನ್ನಾಗಿದೆ ಎಂದ. ನೀರು ಕುಡಿದು ಎದ್ದುಹೋದ.

ಅವನು ಹೋದ, ಮಾತು ಉಳಿಯಿತು. ಧಣಿಗೆ ಬೆಲ್ಲವೆಂದರೆ ಪ್ರಾಣ ಎಂದು ರೈತ ನಿಶ್ಚಯಿಸಿಕೊಂಡ. ಅವನು ಕೊಟ್ಟ ಹೊಲದಲ್ಲೇ ಕಬ್ಬು ಬೆಳೆದು, ಗಾಣ ಆಡಿಸಿ, ಮೊದಲ ಅಚ್ಚು ಬೆಲ್ಲವನ್ನು ಅವನ ಮನೆಗೆ ಹೊತ್ತುಕೊಂಡು ಹೋಗಬೇಕೆಂದು ಆಸೆಪಟ್ಟ.

ಆ ಸೀಮೆಯಲ್ಲಿ ಮಣ್ಣು ನೋಡುವ ಮುದುಕಿಯೊಬ್ಬಳಿದ್ದಳು. ಹೊಲದ ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ಒಂದೊಂದು ಹಿಡಿ ಮಣ್ಣು ತಂದು ಬೆರೆಸಿ ಕೊಡಬೇಕು. ಅವಳು ಅದನ್ನು ಹಿಸುಕಿ, ಮೂಸಿ, ನಾಲಿಗೆಗೆ ಹಚ್ಚಿ, ಇಂಥ ಬೆಳೆ ಬರುತ್ತದೆ ಎನ್ನುವಳು. ಅವಳನ್ನು ಕೇಳದೆ ಯಾರೂ ಹೊಸ ಬೆಳೆ ಇಡುತ್ತಿರಲಿಲ್ಲ. ರೈತನಿಗೆ ಅಳುಕು. ತನ್ನ ಹೊಲದ ಮಣ್ಣನ್ನೇ ಕೊಟ್ಟು, ಮುದುಕಿ ಕಬ್ಬು ಬೇಡ ಎಂದುಬಿಟ್ಟರೆ? ಅವನು ಕೆರೆಯಂಗಳಕ್ಕೆ ಹೋಗಿ ಕಬ್ಬಿಗೆ ಒಗ್ಗುವ ಕರಿಯ ಗೋಡು ಮಣ್ಣು ತುಂಬಿಕೊಂಡು ಬಂದ. ತಂಗಿಯನ್ನು ತೋರಿಸಿ ಅಕ್ಕನನ್ನು ಧಾರೆ ಎರೆದು ಕೊಡುವವರ ಹಾಗೆ ಅದನ್ನು ಮುದುಕಿಯ ಮುಂದಿಟ್ಟ.

ಮುದುಕಿ ನಾಲಿಗೆಗೆ ಹಚ್ಚಿ, ಕಬ್ಬು ಇಡು ಎಂದಳು.

ರೈತ ಇಟ್ಟ. ಮೈಮುರಿದು ನೀರು ಹೊತ್ತ. ಕಬ್ಬು ಜೋಳದ ದಂಟಿನಷ್ಟೂ ದಪ್ಪವಾಗಲಿಲ್ಲ. ಹಿಂಡಿದರೆ ರಸವಿಲ್ಲ. ಸಿಟ್ಟಿನಲ್ಲಿ ಅವನು ಮುದುಕಿಯ ಬಾಗಿಲಿಗೆ ಹೋದ.

"ನಿನ್ನ ನಾಲಿಗೆ ನನ್ನನ್ನು ಮುಳುಗಿಸಿತು."

"ನೀನು ಕೊಟ್ಟ ಮಣ್ಣಿಗೆ ನಾನು ಹೇಳಿದೆ. ಅದು ಎಲ್ಲಿಯದು ಅಂತ ನಿನಗೆ ಗೊತ್ತು."

ಬಂದ ದಾರಿಗೆ ಸುಂಕವಿಲ್ಲವೆಂದು ರೈತ ಹಿಂದಿರುಗಿದ. ಹೊಲದ ಬದುವಿನ ಮೇಲೆ ವರ್ತಕ ನಿಂತಿದ್ದ.

"ಈ ಹೊಲಕ್ಕೆ ಕಬ್ಬು ಯಾಕೆ ಹಾಕಿದೆ?"

"ನಿಮಗೆ ಬೆಲ್ಲ ಇಷ್ಟವಲ್ಲ ಧಣಿ. ನಿಮ್ಮ ಋಣ ಇನ್ನು ಹೇಗೆ ತೀರಿಸಲಿ?"

ವರ್ತಕನಿಗೆ ಬೆಲ್ಲದ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬಂದ ಮನೆಯಲ್ಲಿ ಕೊಟ್ಟದ್ದನ್ನು ಚೆನ್ನಾಗಿದೆ ಅನ್ನದೆ ಇನ್ನೇನು ಅನ್ನಲಿ ಮಾರಾಯ" ಎಂದ. "ಇದು ಕಡಲೆಕಾಯಿಗೆ ಹೆಸರಾದ ಹೊಲ. ನಿನ್ನ ಮನೆ ತುಂಬಲಿ ಅಂತ ಕೊಟ್ಟೆ. ನನ್ನ ಬಾಯಿ ಸಿಹಿಯಾಗಲಿ ಅಂತಲ್ಲ."

ಮರುವರ್ಷ ರೈತ ತನ್ನ ಹೊಲದ್ದೇ ಮಣ್ಣು ಬೆರೆಸಿ ಮುದುಕಿಗೆ ಕೊಟ್ಟ. ಅವಳು ಬಾಯಿಗೆ ಹಚ್ಚುವ ಮೊದಲೇ ನಕ್ಕಳು. ಕಡಲೆಕಾಯಿ ಬಿತ್ತಿದ. ಗಿಡ ಕಿತ್ತರೆ ಬೇರು ಕಾಣದಷ್ಟು ಕಾಯಿ. ಬದುವಿನ ಮೇಲೆ ಹಸಿಕಾಯಿ ಸುಟ್ಟು, ಮೊದಲ ಬೊಗಸೆಯನ್ನು ರೈತ ವರ್ತಕನಿಗೆ ಕೊಟ್ಟ. ಮುದುಕಿಗೆ ಹಲ್ಲಿರಲಿಲ್ಲ. ಅವಳಿಗೆ ಕುಟ್ಟಿ ಕೊಟ್ಟ. ಮೂವರೂ ತಿಂದು ಮುಗಿಸುವ ತನಕ ರೈತನ ಕಣ್ಣು ಒದ್ದೆಯಾಗಿಯೇ ಇತ್ತು.

ಕತೆ ಮುಗಿಯಿತು. ಗುರುತಾಯಿ ಮತ್ತೆ ಮೊರ ಎತ್ತಿಕೊಂಡರು. ಗಂಗಾಂಬಿಕೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಪರದೆ ಇನ್ನೂ ಬೆಳಗುತ್ತಿತ್ತು. ಉತ್ತರ ತಿದ್ದಲು ನಾಳೆಯವರೆಗೆ ಸಮಯವಿತ್ತು. ಆದರೂ ಅವಳಿಂದ ಏಳಲಾಗಲಿಲ್ಲ.

"ಅವ್ವಾ, ನೀವು ಸಾಕಿದ ಋಣ..." ಎಂದಳು.

ಗುರುತಾಯಿ ಅಕ್ಕಿಯಿಂದ ಕಣ್ಣು ತೆಗೆಯದೆ ಹೇಳಿದರು:

"ಡಾಕ್ಟರು ಬಿಟ್ಟುಹೋದ ದಿನ ನಾನು ಬೆಲ್ಲ ಚೆನ್ನಾಗಿದೆ ಅಂದೆ ಮಗಳೇ, ಅಷ್ಟೇ."