ಮನೆಗೊಂದು ಕಟ್ಟಲೆ, ಮಾಯಿಗನಿಗೊಂದೇ ತಲೆ

ಹುಣಸೆಕಟ್ಟೆಯಲ್ಲಿ ಬಾವಿ ಒಂದೇ, ಕಟ್ಟಲೆ ಮಾತ್ರ ಮನೆಗೊಂದು. ಅದೂ ಕತೆಯಾಟದ ಕಟ್ಟಲೆ! ನಾಲ್ಕು ಜನ ಮೇಜಿನ ಸುತ್ತ ಕೂರುವುದು, ತಲೆಗೊಂದು ಪಾತ್ರ ಹಿಡಿಯುವುದು, ದಾಳ ಉರುಳಿಸುತ್ತ ಬಾಯಲ್ಲೇ ಕತೆ ನಡೆಸುವುದು. ಇಷ್ಟೇ ಆಟ. ಆ ಊರಿನ ನಿಂಗಾಜಮ್ಮನಿಗೆ ಒಬ್ಬನೇ ಮಗ, ಮಾಯಿಗ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಇಷ್ಟು ವಿಧೇಯ ಮಗನನ್ನು ಹೆತ್ತು ಅವಳು ದಿನಾ ಅಳುತ್ತಿದ್ದಳು.

ಒಂದು ದಿನ ಪಟೇಲ ತಿರುಮಲೇಗೌಡ ಸಾರಿದ: "ನನ್ನ ಮೇಜಿನಲ್ಲಿ ಒಂದು ಸಂಜೆ ತಪ್ಪಿಲ್ಲದೆ ಆಡಿದವನಿಗೇ ಮಗಳು ಚೆಲುವಾಜಿ!"

"ಓಡೋ ಮಗನೆ, ಮೊದಲು ಬಡಗಿ ಮನೇಲಿ ಆಡಿ ಕಲಿ!" ಎಂದಳು ತಾಯಿ.

ಬಡಗಿಯ ಮನೆಯಲ್ಲಿ ಆರು ಬಿದ್ದರೆ ಗೆಲುವು, ಒಂದು ಬಿದ್ದರೆ ಸೋಲು.

"ರಾಕ್ಷಸ ಬಂದ! ಏನು ಮಾಡ್ತೀಯೋ ಮಾಯಿಗ?"

"ಓಡ್ತೀನಿ!"

ಓಡಿದ. ಬಾಗಿಲು ದಾಟಿದ, ಕೆರೆಯ ಏರಿ ದಾಟಿದ, ಮನೆಗೆ ಬಂದು ಅಟ್ಟ ಹತ್ತಿದ.

"ಅಯ್ಯೋ ಪೆದ್ದೇ! ಕೂತಲ್ಲಿಂದ ಏಳಬಾರದು ಕಣೋ! ಏನೇ ಬರಲಿ, ಬಾಯಲ್ಲಿ ಹೇಳಬೇಕು, ದಾಳ ಹಾಕಬೇಕು!" ಎಂದಳು ತಾಯಿ.

"ಹೂಂ ಕಣವ್ವ!"

ಮರುದಿನ ಗಾಣಿಗನ ಮನೆಗೆ ಹೋದ. ಅಲ್ಲಿ ಒಂದು ಬಿದ್ದರೆ ಗೆಲುವು, ಆರು ಬಿದ್ದರೆ ಸೋಲು. ಆಟ ರಂಗೇರಿದಾಗ ಗಾಣಿಗನ ಪಂಚೆಗೆ ದೀಪ ತಾಗಿತು.

"ಬೆಂಕಿ! ಬೆಂಕಿ! ನೀರು ತಾರೋ!"

"ನೀರು ತರ್ತೀನಿ!" ಎಂದು ಮಾಯಿಗ ಕೂತಲ್ಲೇ ದಾಳ ಹಾಕಿದ. "ಒಂದು ಬಿತ್ತು! ಬಡಗಿ ಮನೇಲಾಗಿದ್ರೆ ನೀವು ಸುಟ್ಟುಹೋಗ್ತಿದ್ರಿ ಗಾಣಿಗಣ್ಣ. ಇಲ್ಲಿ ನಂದಿಹೋಯ್ತು!"

ನಂದಿದ್ದು, ಗಾಣಿಗ ಕಲಗಚ್ಚಿನ ಬಾನಿಗೆ ಹಾರಿದ ಮೇಲೆ.

"ಆ ಮನೆ ಕಟ್ಟಲೇನ ಈ ಮನೆಗೆ ಹೋಲಿಸ್ತಾರೇನೋ!" ತಾಯಿ ಹಣೆ ಚಚ್ಚಿಕೊಂಡಳು. "ಯಾರ ಮೇಜಿಗೆ ಕೂತೆಯೋ ಅವರ ಕಟ್ಟಲೆ ಕೇಳು. ಅದನ್ನೇ ಹಿಡಿ. ಪ್ರಾಣ ಹೋದರೂ ಬಿಡಬೇಡ!"

"ಹೂಂ ಕಣವ್ವ!"

ಪಟೇಲನ ಮನೆಗೆ ಹೋದವನೇ ಕೇಳಿದ: "ಕಟ್ಟಲೆ ಏನು ಗೌಡ್ರೆ?"

"ನಮ್ಮಲ್ಲಿ ಒಂದೇ ಕಣಪ್ಪ. ಹಿಡಿದ ಪಾತ್ರಾನ ಆಟ ಮುಗಿಯೋತನಕ ಬಿಡಬಾರದು."

ಪಾತ್ರದ ಚೀಟಿ ಎತ್ತಿದ. ಸನ್ಯಾಸಿ! ಏನು ಆಡಿದ ಅಂತೀರಿ! ಹುಲಿ ಬಂದರೂ ಕಣ್ಣು ಬಿಡಲಿಲ್ಲ. ರಾಜ ಅರ್ಧ ರಾಜ್ಯ ಕೊಟ್ಟರೂ ಬೇಡವೆಂದ. ಪಟೇಲ ಮೇಜು ಗುದ್ದಿದ: "ಭಲೇ ಅಳಿಯ! ಬುಧವಾರವೇ ಲಗ್ನ! ಉಳಿದ ಆಟ ಮದುವೆ ಆದಮೇಲೆ ಮುಗಿಸೋಣ!"

ನಿಂಗಾಜಮ್ಮ ಊರಿಗೆಲ್ಲ ಸಕ್ಕರೆ ಹಂಚಿದಳು.

ಬುಧವಾರ ವಾಲಗ ಮೊಳಗಿತು. ತೆರೆ ಸರಿಯಿತು. ಚೆಲುವಾಜಿ ನಾಚುತ್ತ ಹಾರ ಎತ್ತಿದಳು. ಮಾಯಿಗ ಎರಡು ಹೆಜ್ಜೆ ಹಿಂದೆ ಸರಿದ, ತಲೆಯ ಪೇಟ ತೆಗೆದ, ಮಗುಚಿ ಅವಳ ಮುಂದೆ ಒಡ್ಡಿದ.

"ಹಾರ ಬೇಡ ತಾಯಿ! ಒಂದು ಹಿಡಿ ಅಕ್ಕಿ ಭಿಕ್ಷೆ ಹಾಕಿ!"